ಐದನೇ ಡಬ್ಬ

ಮನೆಗೆ ಮೂರೇ ಗೋಡೆ. ನಾಲ್ಕನೆಯದು ಕ್ಯಾಮೆರಾ.
ತುಂಗೆಯ ದಂಡೆಯ ಮುಚ್ಚಿದ ಅಕ್ಕಿ ಗಿರಣಿಯೊಳಗೆ
ತೌಡಿನ ವಾಸನೆಯಲ್ಲೇ ಎದ್ದ ಮನೆ ಅದು:
ಸೋಫಾ ಬಾಡಿಗೆಗೆ, ಕಿಟಕಿಯಾಚೆಯ ಬೀದಿ ಬಟ್ಟೆಯ ಮೇಲೆ,
ಫ್ರಿಜ್ಜು ಹೊರಗಿನಿಂದಷ್ಟೇ ಫ್ರಿಜ್ಜು, ಒಳಗೆ ಲೈಟ್‌ಬಾಯ್ ಚಪ್ಪಲಿ.
ತೊಂಬತ್ತಾರನೇ ಇಸವಿ. ಹಾಸ್ಯ ಧಾರಾವಾಹಿ.
ಹೆಸರು: ಹದಿನೇಳೂವರೆ ನಂಬರ್ ಮನೆ.
ಹದಿಮೂರು ಕಂತು, ಪ್ರತಿ ಗುರುವಾರ ಎಂದಿದ್ದರು.
ಯಾವ ಗುರುವಾರದಿಂದ ಎಂದು ಹೇಳಿರಲಿಲ್ಲ.

ನನ್ನದು ಮೈಕ್ ಸೆಟ್ ಅಂಗಡಿ, ದುರ್ಗಿಗುಡಿಯಲ್ಲಿ.
ಮದುವೆ, ಮುಂಜಿ, ಚುನಾವಣೆ,
ಕಳೆದುಹೋದ ಮಕ್ಕಳ ಅನೌನ್ಸ್‌ಮೆಂಟು.
ಡೈರೆಕ್ಟರ್ ವಾಮನಮೂರ್ತಿ ಬಂದು ಕೇಳಿದ್ದು ಬೇರೆ:
"ನಗು ಬೇಕು, ಬೇರೆ ಬೇರೆ ಸೈಜಿನದು. ಊರಲ್ಲಿ ಸಿಗುತ್ತಾ?"

ಸಿಕ್ಕಿತು. ತಲೆಗೆ ಹತ್ತು ರೂಪಾಯಿ, ಉಪ್ಪಿಟ್ಟು, ಕಾಫಿ.
ಮೆಗ್ಗಾನ್ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿದ ನರ್ಸ್ ಫ್ಲೇವಿಯಾ,
ಬಸ್‌ಸ್ಟ್ಯಾಂಡಿನ ಇಬ್ಬರು ಹಮಾಲರು, ಗುಜರಿ ರಜಾಕ್,
ಟೈಪಿಂಗ್ ಕ್ಲಾಸಿನ ಒಂದು ಬೆಂಚು ಹುಡುಗಿಯರು,
ಸೊಪ್ಪಿನ ಬುಟ್ಟಿ ಬಾಗಿಲಲ್ಲಿಟ್ಟು ಬಂದ ಹಾಲಮ್ಮ.
ತೋರಿಸಲು ದೃಶ್ಯವಿರಲಿಲ್ಲ; ಶೂಟಿಂಗು ಇನ್ನೂ ಬಾಕಿ.
ವಾಮನಮೂರ್ತಿ ಕುರ್ಚಿ ಹತ್ತಿ ಕೂಗಿದರು:
"ಒಬ್ಬ ಜಾರಿ ಬಿದ್ದ ಅಂದ್ಕೊಳ್ಳಿ. ಹೂಂ, ನಗಿ!"

ಎಲ್ಲ ನಕ್ಕರು. ಮೀಟರಿನ ಮುಳ್ಳು ಕೆಂಪಿಗೆ ಹೋಯಿತು.
ಹಾಲಮ್ಮ ನಗಲಿಲ್ಲ.
"ಯಾರ್ ಬಿದ್ದಿದ್ದು?" ಅಂದಳು. "ಪೆಟ್ಟಾತಾ?"

"ಯಾರೂ ಇಲ್ಲಮ್ಮ, ಸುಮ್ನೆ..."
"ಸುಮ್‌ಸುಮ್ನೆ ಯಾರ್ ಬೀಳ್ತಾರೆ?"
ಕಟ್. ಮತ್ತೆ ಬಿದ್ದ, ಮತ್ತೆ ನಕ್ಕರು,
ಮತ್ತೆ ಅವಳದು ಅದೇ ಪ್ರಶ್ನೆ. ನಾಲ್ಕನೇ ಸಲಕ್ಕೆ
ವಾಮನಮೂರ್ತಿ ಕುರ್ಚಿಯಿಂದಿಳಿದು ಕೈಮುಗಿದರು:
"ನನ್ನ ಷಡ್ಡಕ ತಾಯಿ, ಬಚ್ಚಲಲ್ಲಿ. ಏನೂ ಆಗಲಿಲ್ಲ.
ಎದ್ದು ಬಂದು ಕಾಫಿ ಕುಡಿದ."
ಹೌದಾ, ಅಂದಳು. ಸೆರಗು ಸರಿಮಾಡಿಕೊಂಡಳು.
ಎಲ್ಲರೂ ನಕ್ಕು ಸುಸ್ತಾಗಿ ಉಪ್ಪಿಟ್ಟಿನತ್ತ ತಿರುಗಿದ ಮೇಲೆ
ಶುರುವಾಯಿತು ಅವಳದು,
ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ,
ಕೊನೆಗೆ ಹೊರಗೆ ಅವಳ ಬುಟ್ಟಿಗೇ ಬಾಯಿ ಹಾಕಿದ್ದ ದನ
ತಲೆಯೆತ್ತಿ ನೋಡುವಷ್ಟು.
ಸ್ಪೂಲು ತಿರುಗುತ್ತಿತ್ತು. ನಾನು ನಿಲ್ಲಿಸಲಿಲ್ಲ.

ಸೋಪಿನ ಪುಡಿಯ ಕಂಪನಿ ದುಡ್ಡು ಕೊಡುವುದು ನಿಲ್ಲಿಸಿತು.
ಕಚೇರಿಯಿಂದ ಕಾಗದ: ಪರಿಶೀಲನೆಯಲ್ಲಿದೆ.
ವರ್ಷ ಬಿಟ್ಟು ಇನ್ನೊಂದು: ಪರಿಶೀಲನೆಯಲ್ಲಿದೆ.
ಕಂತುಗಳ ಟೇಪಿನ ಮೇಲೆ ಯಾರೋ ಕೋಳಿ ಸಾಕಣೆ ತುಂಬಿಸಿದರಂತೆ.
ಎದುರು ಮನೆಯವನ ಪಾರ್ಟು ಮಾಡಿದ್ದ ರೆವಿನ್ಯೂ ಗುಮಾಸ್ತ ಶೇಷಗಿರಿ
ರಿಟೈರ್ ಆಗುವವರೆಗೂ ಗುರುವಾರ ಬೇಗ ಮನೆಗೆ ಹೋಗುತ್ತಿದ್ದರು.

ನನ್ನ ಬಳಿ ಉಳಿದದ್ದು ನಗು ಮಾತ್ರ:
ಸಣ್ಣದು, ಮಧ್ಯಮ, ದೊಡ್ಡದು, ಚಪ್ಪಾಳೆ ಸಹಿತ.
ಐದನೇ ಡಬ್ಬದ ಮೇಲೆ ನೀಲಿ ಪೆನ್ನಲ್ಲಿ: ತಡವಾದ್ದು.
ಸ್ಕ್ರಿಪ್ಟೂ ಇದೆ, ಮೂಲೆ ಇಲಿ ತಿಂದದ್ದು. ತಿರುವಿ ನೋಡಿದ್ದೇನೆ.
ಹದಿಮೂರು ಕಂತಿನಲ್ಲಿ ಎಲ್ಲೂ
ಒಬ್ಬನೂ ಜಾರಿ ಬೀಳುವುದಿಲ್ಲ.

ಮೊನ್ನೆ ಹಾಲಮ್ಮನ ಮೊಮ್ಮಗ ಬಂದ.
ಅಜ್ಜಿ ತಿಥಿಗೆ ಭಜನೆ ಇದೆ, ಎರಡು ಹಾರ್ನ್ ಬೇಕು ಅಂದ.
ಕೂರಿಸಿ ಕಿವಿಗೆ ಹೆಡ್‌ಫೋನು ಇಟ್ಟೆ.
ಕೇಳಿದ. ತೆಗೆದ. ಮತ್ತೆ ಹಾಕಿಕೊಂಡ.
"ಟೀವೀಲಿ ಯಾವಾಗ ಬಂತು ಇದು?"
"ಬರಲಿಲ್ಲ."
"ಮತ್ತೆ ನಕ್ಕಿದ್ದು?"
"ನಕ್ಕಿದ್ದು ನಕ್ಕಿದ್ದೇ."

ರಸೀದಿ ಹರಿದು ಕೊಟ್ಟೆ. ಅಡ್ವಾನ್ಸು ಇನ್ನೂರು.
ಹೊಸ್ತಿಲು ದಾಟಿದವನು ವಾಪಸು ಬಂದು ನಿಂತ:
"ಹಾರ್ನ್ ಮೂರು ಮಾಡಿ.
ಹಿಂದೆ ಕೂತೋರಿಗೂ ಕೇಳಬೇಕು."