ಶೇಕಡಾ ಅರವತ್ತೊಂದು

ಕೆಟಲ್ಲು ಮುಟ್ಟಬೇಡ ಅಂದೆ ಅಮ್ಮನಿಗೆ.
ಹೀಟರು ಆರಿಸಿದೆ, ಫ್ರಿಜ್ಜಿನ ವೈರು ಕಿತ್ತೆ,
ಹಜಾರದ ಬಲ್ಬನ್ನೂ ಬಿಡಲಿಲ್ಲ.
ಕುತೈಸಿಯ ಈ ಒಂಬತ್ತಂತಸ್ತಿನ ಕಟ್ಟಡದಲ್ಲಿ
ಎರಡು ಬಿಸಿ ಸಾಮಾನು ಒಟ್ಟಿಗೆ ಉರಿದರೆ
ಟಪ್, ಫ್ಯೂಸು.
ಪರದೆಯ ಮೇಲೋ ದೊಡ್ಡದಾಗಿ ಬರೆದಿತ್ತು:
ಕಂಪ್ಯೂಟರ್ ಆರಿಸಬೇಡಿ.

ಜನವರಿ. ನಾಲ್ವರೂ ಕೋಟು ತೊಟ್ಟು ಕೂತೆವು
ಹೆರಿಗೆ ಕೋಣೆಯ ಹೊರಗೆ ಕೂತವರಂತೆ.
"ಈಗೆಷ್ಟು?" ಅಂದಳು ಅಜ್ಜಿ ತ್ಸಿಯಾಲಾ.
"ಹನ್ನೆರಡು."
"ಎಷ್ಟಕ್ಕೆ ಹನ್ನೆರಡು?"
"ನೂರಕ್ಕೆ."
"ಹಾಗಾದರೆ ಇನ್ನೊಂದು ಜೊತೆ ಕಾಲುಚೀಲ ಹಾಕ್ಕೊಂಡು ಬರ್ತೀನಿ."

ಹಳೆಯದಕ್ಕೆ ಇನ್ನು ಕಾವಲಿಲ್ಲ, ಹೊಸದಕ್ಕೆ ಬನ್ನಿ ಎಂದು
ತಿಂಗಳುಗಟ್ಟಲೆ ಪರದೆಯ ಮೂಲೆಯಿಂದ
ಇಣುಕಿ ಹೆದರಿಸುತ್ತಿತ್ತು ಯಂತ್ರ.
ಅಪ್ಪ ಪ್ರತಿಸಲವೂ 'ನಾಳೆ' ಒತ್ತುತ್ತಿದ್ದ.
ಅವನ ನಾಳೆಗಳೆಲ್ಲ ನಿನ್ನೆಗೆ ಮುಗಿದವು.

ಅದರೊಳಗಿದ್ದುದು ಲಿಫ್ಟಿನ ಲೆಕ್ಕ.
ಯಾರ ಮನೆಯಿಂದ ತಿಂಗಳ ಪಾಲು ಬಂತು, ಯಾರದು ಬಾಕಿ,
ಮೋಟಾರಿಗೆಷ್ಟು, ಗ್ರೀಸಿಗೆಷ್ಟು,
ಹನ್ನೊಂದು ವರ್ಷದ್ದು,
ಎರಡೇ ಬೆರಳಲ್ಲಿ ಕುಟ್ಟಿದ್ದು.

ಅರವತ್ತೊಂದಕ್ಕೆ ಬಂದು ನಿಂತುಬಿಟ್ಟಿತು.
ಅರವತ್ತೊಂದು.
ಮೇಣದ ಬತ್ತಿ ಅರ್ಧವಾದರೂ ಅರವತ್ತೊಂದು.
ಅಪ್ಪ ಅವ್ತಾಂದಿಲ್ ಮೇಜಿನ ಕೆಳಗೆ ಬಗ್ಗಿ
ಡಬ್ಬದ ಪಕ್ಕೆಗೆ ಅಂಗೈ ಇಟ್ಟು ನೋಡಿದ.
ಬೆಚ್ಚಗಿದೆ, ಅಂದ.
ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ;
ಒಬ್ಬೊಬ್ಬರಾಗಿ ನಾವೂ ಹೋಗಿ ಕೈ ಕಾಯಿಸಿಕೊಂಡೆವು.

ನಾಲ್ಕನೇ ಮಹಡಿಯ ಜುಂಬೇರ್ ಬಾಗಿಲು ತಟ್ಟಿದ.
"ಸತ್ತು ಹೋಯಿತಂತಲ್ಲ?" ಅಂದ,
ದುಃಖ ಮುಖಕ್ಕೆ ಸರಿಯಾಗಿ ಕೂರಲಿಲ್ಲ.

ಸಾಯಲಿಲ್ಲ. ಹನ್ನೊಂದೂವರೆಗೆ
ಕಂಡರಿಯದ ನೀಲಿಯಲ್ಲಿ ಕಣ್ಣು ತೆರೆದು
ನಮಸ್ಕಾರ ಹೇಳಿತು, ನಮ್ಮನ್ನು ಮೊದಲ ಸಲ ನೋಡಿದಂತೆ.
ಲೆಕ್ಕ ತೆರೆದರೆ
ಅಜ್ಜಿಯ ಹೆಣಿಗೆಯ ಕುಣಿಕೆಗಳಂಥ ನಮ್ಮ ದುಂಡು ಲಿಪಿ
ಇದ್ದಲ್ಲೆಲ್ಲ ಮುರಿದ ಸೂಜಿಗಳು:
ರೋಮನ್ ಕಡ್ಡಿ, ಕೊಕ್ಕೆ, ನಡುನಡುವೆ ಡಾಲರಿನ ಗುರುತು.
ಅಪ್ಪನ ಹಳೆ ಫಾಂಟು ಹೊಸಬನಿಗೆ ಗೊತ್ತೇ ಇಲ್ಲ.

"ಅಯ್ಯೋ, ಎಲ್ಲ ಹೋಯಿತೇ," ಅಂದ ಜುಂಬೇರ್,
ಕುರ್ಚಿ ಎಳೆದು ಆರಾಮಾಗಿ ಕೂತ.
ಅಜ್ಜಿ ತಲೆ ಎತ್ತಲಿಲ್ಲ.
"ನಿನ್ನದು ಏಳು ತಿಂಗಳು. ಮೇ ತಿಂಗಳದ್ದು ಅರ್ಧ ಕೊಟ್ಟಿದ್ದೆ."

ಹುಳಿ ಪ್ಲಮ್ಮಿನ ಗೊಜ್ಜಿನ ಬಾಟಲಿಗಳ ಹಿಂದೆ
ಸಿಕ್ಕಿತು ಗೀರು ಬಿದ್ದ ಒಂದು ಸೀಡಿ.
ಎರಡು ಸಲ ತಿರುಗಿ ಉಗುಳಿತು, ಮೂರನೆಯದಕ್ಕೆ ನುಂಗಿತು.
ಸೂಜಿಗಳು ಮೆಲ್ಲಗೆ ಬಾಗಿ
ಮತ್ತೆ ಕುಣಿಕೆಯಾದವು, ಹೆಸರಾದವು.
ಸರಿಯಿದೆಯೇ ನೋಡಲೆಂದು ಗಟ್ಟಿಯಾಗಿ ಓದಿದೆ:

ಎಂಟನೇ ಮಹಡಿ, ಗುಲ್ನಾಜಿ: ಬಂದಿದೆ, ನನ್ನ ಜೇಬಿನಿಂದ.
ಮುಂದಿನ ತಿಂಗಳು: ಬಂದಿದೆ, ನನ್ನ ಜೇಬಿನಿಂದ.
ಅದರ ಮುಂದಿನದು: ಬಂದಿದೆ. ಮಂಡಿ ನೋವಂತೆ. ಅವಳಿಗೆ ಹೇಳಬಾರದು.

ನನ್ನ ದನಿ ತಾನೇ ತಗ್ಗಿತು.
ಜುಂಬೇರ್ ತನ್ನ ಟೊಪ್ಪಿಗೆಯೊಳಗೆ ಏನೋ ಹುಡುಕುತ್ತಿದ್ದ.
"ಮುಚ್ಚು ಅದನ್ನ," ಅಂದ ಅಪ್ಪ,
ಕಿವಿ ಕೆಂಪಾಗಿತ್ತು, ಆ ಚಳಿಯಲ್ಲೂ.

ಅಮ್ಮ ಒಂದು ಮಾತೂ ಆಡದೆ ಎದ್ದು
ಹೀಟರು ಹಾಕಿದಳು,
ಬೇಕೆಂದೇ ಕೆಟಲ್ಲೂ ಹಾಕಿದಳು.

ಟಪ್.