ಪಥರಿ

ಅಬ್ಬಾನ ಬ್ಯಾಟಿಗೆ ದೂರ ಬೇಕಿತ್ತು.
ಅಮಾಸಿಯ ಹಿಂದಿನ ಸಂಜೆ ಗೌಂಡಿ ಕೆಲಸ ಬಿಟ್ಟು
ಕೈಯ ಸಿಮೆಂಟು ತೊಳೆದು, ಗದಿಗೆಪ್ಪನ ಟೆಂಪೋ ಹತ್ತಿದರೆ
ಗೋಣಿಯಲ್ಲಿ ಸುತ್ತಿದ ಒಂಟಿ ನಳಿಗೆ,
ಕಟಿ ರೊಟ್ಟಿ, ಗುರೆಳ್ಳ ಚಟ್ನಿ, ಇಬ್ಬರಿಗೊಂದು ಕಂಬಳಿ.
ಕೃಷ್ಣೆ ದಾಟಿ, ಮಾಮದಾಪುರದ ಕೆರೆಯಂಗಳದಲ್ಲಿ
ಜಾಲಿ ಕಂಟಿಯೊಳಗೆ ಕೆಮ್ಮು ನುಂಗಿ ಕೂರಬೇಕು
ನಸುಕಿಗೆ ಇಳಿಯುವ ರೆಕ್ಕೆಗಳಿಗಾಗಿ.

ಕಾಯ್ದೆ ಬಂದು ಎಷ್ಟೋ ವರ್ಷವಾಗಿತ್ತು.
ಅದು ಇನ್ನೂ ಮಾಮದಾಪುರದ ಬಸ್ಸು ಹತ್ತಿಲ್ಲ
ಎನ್ನುತ್ತಿದ್ದ.

ಮನೆಯ ಹಿಂದೆ ಇಟ್ಟಿಗೆ ಭಟ್ಟಿಯವರು ತೋಡಿದ ಹೊಂಡದಲ್ಲೂ
ಬಾತುಗಳಿದ್ದವು. ಆರೋ ಏಳೋ.
ಅಮ್ಮಾ ಮುಸುರೆ ಚೆಲ್ಲುವಾಗ ಕತ್ತೆತ್ತಿ ನೋಡುತ್ತಿದ್ದವು.
"ಇವನ್ನ ಹೊಡದ್ರ ಡೀಸೆಲ್ ಉಳೀತೈತಲ್ಲ" ಅಂದರೆ
ಅಬ್ಬಾ ಬೀಡಿಯ ತುದಿ ನೋಡುತ್ತ,
"ಮಗ್ಗಲ ಮನಿ ಕೋಳಿ ಕದ್ದಂಗ ಆಕ್ಕೈತಿ.
ಹಕ್ಕಿ ನನಗ ಗುರ್ತ ಇರಬಾರ್ದು,
ನಾ ಹಕ್ಕಿಗೆ."

ಗರಿ ಕೀಳುವುದು ನನ್ನ ಪಾಲು.
ಕಾಜ್, ಸುರ್ಖಾಬ್, ಸೀಂಕ್‌ಪರ್,
ಹೆಸರು ಕಲಿತದ್ದು ಬೆರಳಿನಿಂದ.
ಎಲ್ಲ ಮುಗಿದ ಮೇಲೆ ಪಥರಿ:
ಹಲ್ಲಿಲ್ಲದ ಹಕ್ಕಿಯ ಹೊಟ್ಟೆಯೊಳಗಿನ ಬೀಸುಕಲ್ಲು.
ಸೀಳಿ, ಮಗುಚಿ, ಅಂಗೈ ಮೇಲೆ ಕೊಡವಿ ಕೊಟ್ಟರೆ
ಅಬ್ಬಾ ಕನ್ನಡಕ ಏರಿಸುವನು, ಕಾಗದ ಬಂದಂತೆ.
ಉಸುಕು ತಿಕ್ಕಿ ಹಳ್ಳದ ಹೆಸರು ಹೇಳುವ ಬೆರಳು.
"ಇದು ಎರಿ ಹೊಲದ ಹರಳ.
ಇದು ಡೋಣಿ ದಂಡೀದು.
ಇದು... ಇದು ನಮ್ಮ ಸೀಮಿದಲ್ಲ."
ಆ ಒಂದನ್ನು ಊದಿ ಕಿಸೆಗೆ ಹಾಕಿಕೊಳ್ಳುವನು.
ಹಿಮದ ಗುಡ್ಡದ ಆಚೆಯದಂತೆ.
ನಂಬಿದ್ದೆ. ಬಳಪದ ಡಬ್ಬಿಯೊಂದರ ತುಂಬ ಇದ್ದವು ಅಂಥವು.

ಆಮೇಲೆ ದೂರವೇ ನಮ್ಮ ಕಡೆ ನಡೆದು ಬಂತು.
ಗೋಡೆಗಳಿಗೆ ನಂಬರು ಬರೆದರು.
ಬಾಗಿಲ ಚೌಕಟ್ಟು ಕಿತ್ತು ಹೇರಿಕೊಂಡು ಗದಿಗೆಪ್ಪ
ನವನಗರಕ್ಕೆ ಮೂರು ಖೇಪು ಹೊಡೆದ,
ಬಾಡಿಗೆ ಮುಟ್ಟಲಿಲ್ಲ.
ಭಟ್ಟಿ, ಹೊಂಡ, ಬಳೆಗಾರರ ಓಣಿ, ಅಬ್ಬಾ ತಾನೇ ಕಟ್ಟಿದ ಹಿತ್ತಲ ಗೋಡೆ
ಎಲ್ಲ ಒಂದೇ ನೀರು.
ಆ ಚಳಿಗಾಲ ಹಿನ್ನೀರಿಗೆ ಪಟ್ಟೆತಲೆಯ ಕಾಜ್ ಇಳಿದವು, ನೂರಾರು,
ಸೆಕ್ಟರಿನ ಮಾಳಿಗೆಗೆ ದನಿ ಕೇಳುವಷ್ಟು ಹತ್ತಿರ.

ಒಂದು ತಿಂಗಳು ಅಬ್ಬಾ ಸುಮ್ಮನಿದ್ದ.
ಅಮಾಸಿ ಬಂತು, ಹೋಯಿತು.
ಗದಿಗೆಪ್ಪ ಬಂದು ಬರೇ ಚಹಾ ಕುಡಿದು ಎದ್ದ.

ಒಂದು ನಸುಕು ಅಂಬಿಗರ ದುರಗಪ್ಪನ ಹರಗೋಲು.
ನೀರಿನಿಂದೆದ್ದ ಹುಣಸೆಯ ಒಣ ಕೊಂಬೆ ಗುರುತು ಹಿಡಿದು
ಬಲಕ್ಕೆ ಹತ್ತು ಹುಟ್ಟು, ಎಡಕ್ಕೆ ನಾಲ್ಕು,
"ಇಲ್ಲೇ ನಿಲ್ಲಸು" ಅಂದನಂತೆ.
ನಮ್ಮ ಅಡುಗೆಮನೆಯ ಮೇಲೆ ಮೂರು ಹಕ್ಕಿ.
ಒಂದೇ ತೋಟಾ.
ಬಿಸ್ಮಿಲ್ಲಾ ಅನ್ನುವಷ್ಟು ಜೀವ ಇತ್ತಂತೆ ಇನ್ನೂ.

ತಂದು ನನ್ನ ಮುಂದೆ ಇಟ್ಟ.
ಪಥರಿ ಸೀಳಿದೆ.
ಕೆಂಪು ಇಟ್ಟಿಗೆಯ ನುಚ್ಚು. ಗಾರೆಯ ಚಕ್ಕೆ.
ಹುರುಳಿಕಾಳಿನಷ್ಟು ಹಸಿರು ಗಾಜು, ಅಂಚು ಸವೆದದ್ದು,
ಬಳೆಚೂರು.
ಅಬ್ಬಾ ಕನ್ನಡಕ ಕೇಳಲಿಲ್ಲ.
ಅಮ್ಮಾ ಒಲೆ ಬಿಟ್ಟು ಬಂದು ಬಗ್ಗಿ ನೋಡಿದಳು.
ತನ್ನದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.
ಕೈಯನ್ನು ಸೆರಗಿಗೆ ಒರೆಸಿ
"ಖಾರ ಎಷ್ಟು ಹಾಕ್ಲಿ?" ಅಂದಳು.

ಉಂಡೆವು. ರುಚಿಯಾಗಿಯೇ ಇತ್ತು, ಸುಳ್ಳು ಯಾಕೆ.

ಮುಂದಿನ ಚುನಾವಣೆಗೆ ಎಲ್ಲರಂತೆ
ಬಂದೂಕು ಠಾಣೆಗೆ ಒಪ್ಪಿಸಿ ಬಂದ.
ಎಣಿಕೆ ಮುಗಿಯಿತು, ಗೆದ್ದವರು ಮೆರೆದರು, ಸೋತವರು ಮಲಗಿದರು.
ಅದನ್ನು ಬಿಡಿಸಿ ತರುವುದಿಲ್ಲವೇ ಅಂದರೆ
"ದೂರ ಆಕ್ಕೈತಿ" ಅನ್ನುವನು.
ಠಾಣೆ, ಎರಡು ಸೆಕ್ಟರಿನ ಆಚೆ.