ಸಹಿ ಹಾಕದವನು

ಹೊಸ ಕುಸ್ತಿ ಕೂಟ ನಮ್ಮೂರಿಗೆ ಬಂದದ್ದು
ಒಂದು ಬಿಳಿ ಕಾರಿನಲ್ಲಿ,
ಹೊಂಡದ ಸರ್ಕಲ್ಲಿನಲ್ಲಿ ದಾರಿ ಕೇಳುತ್ತ.
ಗರಡಿ ತೋರಿಸಿದವನು ನಾನೇ.

ಒಳಗೆ ಹಯಾತ್ ಮಣ್ಣು ಅಗೆಯುತ್ತಿದ್ದ,
ಮಂಗಳವಾರ ಅವನ ಪಾಳಿ.
ಮಜ್ಜಿಗೆ, ಎಳ್ಳೆಣ್ಣೆ, ಅರಿಶಿನ ಕುಡಿದ ಮಣ್ಣು
ಬೆಚ್ಚಗೆ ಉಸಿರಾಡುತ್ತಿತ್ತು.
ಬೂಟು ಬಿಚ್ಚಲು ಮನಸ್ಸಿಲ್ಲದೆ ಬಂದವರು
ಅಂಚಿನಲ್ಲೇ ನಿಂತು ಅವನ ಕುತ್ತಿಗೆ ನೋಡಿದರು,
ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗಲ್ಲ,
ದುಡ್ಡಿದ್ದವರು ಸೈಟು ನೋಡುವ ಹಾಗೆ.

ಮೂರು ವರ್ಷ. ವರ್ಷಕ್ಕೆ ಎಂಟು ಪಂದ್ಯ, ಎಲ್ಲ ಹೊರದೇಶ.
ಮಣ್ಣಲ್ಲ, ನೀಲಿ ಮ್ಯಾಟು. ಸೋತರೂ ದುಡ್ಡು.
ಸೋತರೂ ದುಡ್ಡು!
ಈ ಗೋಡೆಗಳು ಇಂಥ ಮಾತು ಕೇಳಿರಲಿಲ್ಲ.

ಹಯಾತನ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ
ನಲವತ್ತು ವರ್ಷ ಬಿಸಿ ಮರಳು ತಿರುವಿದವನು.
ಅಂಕಿ ಕೇಳಿ, ಮಗನ ಕಡೆ ನೋಡದೆ
ಬೀಡಿ ಹಚ್ಚಿದ, ಆರಿಸಿದ,
ಮತ್ತೆ ಅದನ್ನೇ ಹಚ್ಚಿದ.
ಸಹಿ ಮಾಡಿದ ಕಾಗದದ ಮೂಲೆಗೆ
ಹೆಬ್ಬೆಟ್ಟಿನ ಕೆಮ್ಮಣ್ಣು ಅಂಟಿತೆಂದು
ಅವರು ಇನ್ನೊಂದು ಪ್ರತಿ ತೆಗೆದರು.

ಸಂಘದವರು ಸಭೆ ಕರೆದರು.
ದಸರೆಯ ಕಣಕ್ಕೆ ಇನ್ನು ಅವನು ಇಳಿಯಕೂಡದು,
ಅವನ ಹೆಸರಿಗೆ ಹಲಗೆ ಬಡಿಯಕೂಡದು.
ಮಣ್ಣು ಮಾರಿಕೊಂಡ, ಎಂದ ಕಾರ್ಯದರ್ಶಿ.
ಅದೇ ಮಣ್ಣು ತಂದ ಲಾರಿಯವನನ್ನು
ಬಾಡಿಗೆಗೆ ಎರಡು ವರ್ಷ ಅಲೆಸಿದ ಕಾರ್ಯದರ್ಶಿ.

ಉಸ್ತಾದ್ ಗೋಣೆಪ್ಪ ಬಾಯಿ ಬಿಡಲಿಲ್ಲ.
ಎಪ್ಪತ್ತೆಂಟರಲ್ಲಿ ಅವರು ಗೆದ್ದ ಬೆಳ್ಳಿ ಗದೆ
ಮಿಲ್ಲು ಮುಚ್ಚಿದ ವರ್ಷ ಚೌಕಿಪೇಟೆಯ ತಕ್ಕಡಿ ಏರಿತ್ತು.
ಒಳಗೆಲ್ಲ ಮರ, ಮೇಲಷ್ಟೇ ತಗಡು.
ಎಷ್ಟು ಬಂತು ಉಸ್ತಾದ್, ಅಂದರೆ
ಒಂದು ತಿಂಗಳ ಬಾದಾಮಿ, ಅನ್ನುತ್ತಾರೆ.

ನನಗೆ ಶಾಲು ಹೊದಿಸಿದರು.
'ಆಸೆಗೆ ಮಣಿಯದ ಪೈಲ್ವಾನ'
ಎಂದು ಕಲ್ಯಾಣಮಂಟಪದ ಉದ್ದಕ್ಕೂ ಬ್ಯಾನರು.
ನನ್ನ ಮುರಿದ ಕಿವಿಯನ್ನು ಬ್ಯಾನರಿನವನು
ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿದ್ದ.
ಮೈಕು ಕೈಗೆ ಬಂದಾಗ ನಾಲಗೆಯ ತುದಿಯಲ್ಲಿತ್ತು:
ಅಣ್ಣೋರೆ, ನನ್ನನ್ನು ಅವರು ಕೇಳಲೇ ಇಲ್ಲ.

ಕಾರು ಹೊರಡುವಾಗ ಡ್ರೈವರನ ಕೈಗೆ
ನನ್ನ ನಂಬರು ಬರೆದುಕೊಟ್ಟಿದ್ದೆ,
ಏಳು ಒಂದರಂತೆ ಕಾಣಬಾರದೆಂದು
ಹೊಟ್ಟೆಗೊಂದು ಅಡ್ಡಗೀಟು ಎಳೆದು.
ಮೂರು ವಾರ ಫೋನನ್ನು ಮಡಿಚಿದ ಲುಂಗಿಯ ಮೇಲಿಟ್ಟು
ಬಸ್ಕಿ ಹೊಡೆದೆ. ಎಣಿಕೆ ತಪ್ಪುತ್ತಿತ್ತು.
ಬಂದದ್ದು ಗ್ಯಾಸ್ ಏಜೆನ್ಸಿಯ ಕರೆ ಒಂದೇ.

ಹೇಳಲಿಲ್ಲ.
ಮಣ್ಣು ನಮ್ಮ ತಾಯಿ, ಅಂದೆ.
ಚಪ್ಪಾಳೆ ಬಿತ್ತು. ಖಾರ ಮಂಡಕ್ಕಿ, ಮಿರ್ಚಿ ಹಂಚಿದರು.
ಮುಂದಿನ ಸಾಲಿನಲ್ಲಿ ಉಸ್ತಾದ್
ತಮ್ಮ ಪೊಟ್ಟಣ ಬಿಚ್ಚದೆ ಜೇಬಿಗಿಟ್ಟುಕೊಂಡರು.
ಆಮೇಲೆ ಹತ್ತಿರ ಬಂದು, ಶಾಲಿನ ಅಂಚನ್ನು
ಎರಡು ಬೆರಳಲ್ಲಿ ಹೊಸೆದು ನೋಡಿ, ಬಿಟ್ಟರು.

ನಿನ್ನೆ ರಾತ್ರಿ ಹಯಾತ್ ಫೋನು ಮಾಡಿದ್ದ.
ಇಲ್ಲಿ ಮೈಗೆ ಏನೂ ಅಂಟಲ್ಲಲೇ, ಅಂದ,
ಆಡಿ ಬಂದ ಮೇಲೆ ತೊಳೆಯೋಕೆ ಏನೂ ಇರಲ್ಲ.
ಅಪ್ಪನ ಎಕ್ಸ್‌ರೇ ತೆಗೆಸಿದ್ದಾರೆ,
ಭಟ್ಟಿಗೆ ಹೋಗಬೇಡ ಅಂದರೂ ಹೋಗುತ್ತಾನಂತೆ,
ಸುಮ್ಮನೆ ಕೂತು ಬರುತ್ತಾನಂತೆ.
ಆಮೇಲೆ ಸ್ವಲ್ಪ ತಡೆದು:
ನಿನ್ನ ಹೆಸರು ನಾನು ಎರಡು ಸಲ ಹೇಳಿದೆ.
ವಯಸ್ಸು ಕೇಳಿದರು.

ಲೈನು ಗೊರಗೊರ ಅನ್ನುತ್ತಿತ್ತು.
ಕೇಳಿಸಲಿಲ್ಲ ಅಂದೆ.
ಅವನು ಮತ್ತೆ ಹೇಳಲಿಲ್ಲ. ಒಳ್ಳೆಯವನು.

ಇವತ್ತು ಮಂಗಳವಾರ.
ಬೆಳಕಾಗುವ ಮೊದಲೇ ಬೀಗ ತೆಗೆದಿದ್ದೇನೆ.
ಗುದ್ದಲಿಯ ಕಾವು ಅವನ ಎತ್ತರಕ್ಕೆ ಕೊಯ್ದದ್ದು,
ನನಗೆ ಒಂದು ಗೇಣು ಉದ್ದ.